‘ಥಿಂಗ್ಸ್ ಫಾಲ್ ಅಪಾರ್ಟ್’ ಹಿಡಿದು ಆಫ್ರಿಕಾ ಸಾಹಿತ್ಯಕ್ಕೆ ಹೋಗೋದು ಹೇಗೆ?

ಎಂ.ಎ. ಓದುವವರು, ಓದುಗರ ಬಳಗ ನಡೆಸುವವರು, ಸುಮ್ನೆ ಕುತೂಹಲಕ್ಕೆ ಪುಸ್ತಕ ಎತ್ತಿಕೊಂಡವರು, ಎಲ್ಲರೂ ಕೇಳೋದು ಒಂದೇ ಪ್ರಶ್ನೆ. "ನೈಜೀರಿಯಾದ ಚಿನುವ ಅಚಿಬೆ ಇಂಗ್ಲಿಷ್‌ನಲ್ಲಿ ಬರೆದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ ಓದಿದೆ, ಇಷ್ಟ ಆಯ್ತು. ಇದಕ್ಕೂ ಆಫ್ರಿಕಾದ ಸಾಹಿತ್ಯ ಪರಂಪರೆಗೂ ಏನು ಸಂಬಂಧ ಅಂತ ಬರೀಬೇಕು. ಎಲ್ಲಿಂದ ಶುರು ಮಾಡಲಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ.

ಬಹಳ ಜನ ಶುರು ಮಾಡೋದು ಖಂಡದಿಂದ. ಮೊದಲ ಪ್ಯಾರಾದಲ್ಲಿ ‘ಕತ್ತಲೆಯ ಖಂಡ’, ಎರಡನೆಯದರಲ್ಲಿ ವಸಾಹತುಶಾಹಿ, ಆಮೇಲೆ ಕಾದಂಬರಿಯ ಕಥೆ, ಕೊನೆಗೆ ‘ಹೀಗೆ ಈ ಕೃತಿ ಆಫ್ರಿಕಾದ ದನಿಯಾಗಿದೆ’. ಪುಸ್ತಕ ತೆರೆಯದೆಯೂ ಇಷ್ಟನ್ನು ಬರೆಯಬಹುದು. ನಾನು ಹೇಳೋದು ಉಲ್ಟಾ ದಾರಿ. ಪುಟದಿಂದ ಊರಿಗೆ, ಊರಿಂದ ಭಾಷೆಗೆ, ಭಾಷೆಯಿಂದ ನೆರೆಹೊರೆಗೆ. ಖಂಡ ಕೊನೆಯಲ್ಲಿ ಬರಲಿ, ಬಂದರೆ.

ಏನೇನು ಬೇಕು?

ಕಾದಂಬರಿಯ ಒಂದು ಪ್ರತಿ. ಕನ್ನಡದಲ್ಲಿ ಓದುವುದಾದರೆ ಸಿ. ನಾಗಣ್ಣ ಅವರ ಅನುವಾದ ‘ಭಂಗ’ ಇದೆ. ಆದರೆ ಇಂಗ್ಲಿಷ್ ಪ್ರತಿಯೂ ಪಕ್ಕದಲ್ಲಿರಲಿ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಒಂದು ಪೆನ್ಸಿಲ್, ಒಂದು ನೋಟ್‌ಬುಕ್, ಪಶ್ಚಿಮ ಆಫ್ರಿಕಾದ ಒಂದು ನಕ್ಷೆ. ಎರಡು ಮೂರು ವಾರ ಟೈಮ್. ಒಂದೇ ರಾತ್ರೀಲಿ ಆಗೋ ಕೆಲಸ ಅಲ್ಲ ಇದು.

1. ಮುನ್ನುಡಿ ಬಿಟ್ಟು ಕಾದಂಬರಿ ಓದಿ

ಒಟ್ಟು 25 ಅಧ್ಯಾಯ, ಮೂರು ಭಾಗ. ಮೊದಲ ಭಾಗ 13ನೇ ಅಧ್ಯಾಯದವರೆಗೆ, ಎರಡನೆಯದು 19ರವರೆಗೆ, ಉಳಿದದ್ದು ಮೂರನೆಯದು. ಈ ಲೆಕ್ಕಕ್ಕೊಂದು ಕಾರಣ ಇದೆ. ಮಿಷನರಿಗಳು ಕಥೆಯೊಳಗೆ ಕಾಲಿಡೋದು ಎರಡನೇ ಭಾಗದಲ್ಲಿ. ಅಂದರೆ ಪುಸ್ತಕದ ಅರ್ಧಕ್ಕಿಂತ ಜಾಸ್ತಿ ಭಾಗ ಬಿಳಿಯರ ಕಥೆಯೇ ಅಲ್ಲ. ಗೆಣಸಿನ ಬೇಸಾಯ, ಕುಸ್ತಿ, ಮದುವೆ ಮಾತುಕತೆ, ಮಕ್ಕಳ ಕಾಯಿಲೆ, ಅಪ್ಪ ಮಗನ ನಡುವಿನ ಬಿರುಕು, ಇದೇ ತುಂಬಿದೆ. ಹಾಗಿದ್ದೂ ‘ಇದು ವಸಾಹತುಶಾಹಿ ವಿರುದ್ಧದ ಕಾದಂಬರಿ’ ಅಂತ ಒಂದೇ ಸಾಲಿನಲ್ಲಿ ಮುಗಿಸುವವರೇ ಹೆಚ್ಚು.

ಓದುವಾಗ ಪೆನ್ಸಿಲ್‌ನಲ್ಲಿ ಮೂರು ಥರದ ಗುರುತು ಹಾಕಿ: ಗಾದೆ ಬಂದ ಕಡೆ, ಕಥೆಯೊಳಗೆ ಕಥೆ ಬಂದ ಕಡೆ, ಇಂಗ್ಲಿಷ್‌ಗೆ ಇಳಿಸದೆ ಹಾಗೇ ಬಿಟ್ಟ ಪದ ಬಂದ ಕಡೆ. ನಿಮ್ಮ ಬರಹದ ಬಂಡವಾಳ ಇದೇ.

ಕೆಲವು ಪದ ಮೊದಲೇ ತಿಳಿದಿರಲಿ. ‘ಚಿ’ ಅಂದರೆ ಒಬ್ಬೊಬ್ಬ ಮನುಷ್ಯನಿಗೂ ಇರುವ ಅವನದೇ ದೈವ, ಅವನ ಹಣೆಬರಹವೂ ಅದರಲ್ಲೇ ಸೇರಿದೆ. ‘ಓಬಿ’ ಮನೆಯ ಯಜಮಾನನ ಗುಡಿಸಲು. ‘ಎಗ್ವುಗ್ವು’ ಮುಖವಾಡ ಹಾಕಿಕೊಂಡು ನ್ಯಾಯ ತೀರ್ಮಾನಿಸಲು ಬರುವ ಪೂರ್ವಜರ ಆತ್ಮಗಳು. ‘ಓಗ್ಬಾಂಜೆ’ ಸತ್ತು ಸತ್ತು ಅದೇ ತಾಯಿಯ ಹೊಟ್ಟೆಯಲ್ಲಿ ಮತ್ತೆ ಹುಟ್ಟುವ ಮಗು.

2. ನಕ್ಷೆ ತೆರೆಯಿರಿ, ಬೆರಳನ್ನು ಊರಿನ ಮೇಲೆ ಇಡಿ

ನೈಜೀರಿಯಾದಲ್ಲಿ ನೈಜರ್ ನದಿಯ ಪೂರ್ವಕ್ಕೆ ಇಗ್ಬೋ ಜನರ ನಾಡು. ಅಚಿಬೆ 1930ರಲ್ಲಿ ಹುಟ್ಟಿ ಬೆಳೆದದ್ದು ಅಲ್ಲಿನ ಒಗಿಡಿ ಎಂಬ ಊರಲ್ಲಿ, ಕ್ರೈಸ್ತ ಮತ ಸೇರಿ ಪ್ರಚಾರಕನೂ ಆಗಿದ್ದವನ ಮಗನಾಗಿ. ಕಾದಂಬರಿಯ ಉಮುವೋಫಿಯಾ ಕಲ್ಪಿತ ಊರು, ಆದರೆ ಮಣ್ಣು ಅದೇ ನಾಡಿನದು.

ಮೊದಲ ಗುಂಡಿ ಇಲ್ಲೇ ಇದೆ. ಆಫ್ರಿಕಾದಲ್ಲಿ 50ಕ್ಕೂ ಹೆಚ್ಚು ದೇಶ, ಸಾವಿರಕ್ಕೂ ಮೀರಿದ ಭಾಷೆ. ಅದಕ್ಕೆಲ್ಲ ಒಂದೇ ಪರಂಪರೆ ಅಂತ ಇಲ್ಲ. ತುಂಬಾ ಜನ ‘ಗ್ರಿಯೋ’ ಎಂಬ ಪದ ಹಿಡಿದುಕೊಂಡು ಬರುತ್ತಾರೆ. ಗ್ರಿಯೋ ಅಂದರೆ ವಂಶಾವಳಿ, ವೀರರ ಕಥೆ ಹಾಡಿ ಹೇಳುವ ಮನೆತನದವರು. 13ನೇ ಶತಮಾನದ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಡಿಯಾಟನ ಮಹಾಕಾವ್ಯವನ್ನು ಇವತ್ತಿಗೂ ಉಳಿಸಿಕೊಂಡು ಬಂದವರು ಅವರೇ. ಆದರೆ ಅದು ಮಾಲಿ, ಗಿನಿ ಕಡೆಯ ಮಾಂಡೆ ಜನರ ಸಂಪ್ರದಾಯ. ರಾಜ ಇದ್ದಾನೆ, ಅವನ ಆಸ್ಥಾನ ಇದೆ, ಹೊಗಳಿ ಹಾಡೋಕೆ ಜನ ಇದ್ದಾರೆ. ಇಗ್ಬೋ ನಾಡಿನ ಹೆಚ್ಚಿನ ಕಡೆ ರಾಜನೇ ಇರಲಿಲ್ಲ. ಕಾದಂಬರಿಯಲ್ಲೇ ನೋಡಿ, ಎಂಬಾಂಟಾ ಊರಿಗೆ ಬಂದ ಮಿಷನರಿಗಳು ಇಲ್ಲಿನ ರಾಜ ಯಾರು ಅಂತ ಕೇಳುತ್ತಾರೆ, ಊರವರು ರಾಜ ಅಂತ ಯಾರೂ ಇಲ್ಲ, ಪದವಿ ಪಡೆದವರಿದ್ದಾರೆ, ಪೂಜಾರಿಗಳಿದ್ದಾರೆ, ಹಿರಿಯರಿದ್ದಾರೆ ಅಂತಾರೆ. ಹಾಗಾಗಿ ‘ಅಚಿಬೆ ಆಧುನಿಕ ಗ್ರಿಯೋ’ ಎಂದು ಬರೆದರೆ ಕೇಳೋಕೆ ಚೆನ್ನಾಗಿರುತ್ತೆ, ಆದರೆ ತಪ್ಪು ಊರಿನ ಬಸ್ ಹತ್ತಿದ ಹಾಗಾಗುತ್ತೆ.

3. ಬಾಯಿಮಾತಿನ ಪರಂಪರೆ: ಪುಟ ತೆಗೆದು ತೋರಿಸಿ

‘ಮೌಖಿಕ ಪರಂಪರೆ’ ಅಂದರೆ ಬರಹಕ್ಕೆ ಮೊದಲಿನಿಂದ ಬಾಯಿಂದ ಬಾಯಿಗೆ ಬಂದ ಗಾದೆ, ಹಾಡು, ಕಥೆ, ಒಗಟು. ‘ಈ ಕಾದಂಬರಿಯಲ್ಲಿ ಮೌಖಿಕ ಪರಂಪರೆ ಇದೆ’ ಎಂದು ಬರೆದರೆ ಸಾಲದು, ಅದು ಅಲ್ಲಿ ಏನು ಕೆಲಸ ಮಾಡ್ತಿದೆ ಅಂತ ಹೇಳಬೇಕು. ಹೇಗೆ ಅಂತ ಮೂರು ಕಡೆ ತೋರಿಸುತ್ತೇನೆ.

ಗಾದೆ. ಮೊದಲ ಅಧ್ಯಾಯದಲ್ಲಿ ನೆರೆಯವನು ಕಥಾನಾಯಕ ಒಕೊಂಕ್ವೊನ ಅಪ್ಪ ಉನೊಕಾನ ಹತ್ತಿರ ಕೊಟ್ಟ ಸಾಲ ಕೇಳೋಕೆ ಬರುತ್ತಾನೆ. 200 ಕವಡೆ. ನೇರವಾಗಿ ಕೇಳಲ್ಲ. ಅತಿಥಿ ಬಂದಾಗ ಹಂಚಿ ತಿನ್ನುವ ಕೋಲಾ ಕಾಯಿ ಒಡೆದು, ಊರ ಸುದ್ದಿ ಮಾತಾಡಿ, ಆಮೇಲೆ ಆರೇಳು ಮಾತು ಬರೀ ಗಾದೆಯಲ್ಲೇ ಆಡಿ ವಿಷಯಕ್ಕೆ ಬರುತ್ತಾನೆ. ಗಾದೆ ಅಂದರೆ ಮಾತನ್ನು ಅದ್ದಿ ತಿನ್ನುವ ತಾಳೆ ಎಣ್ಣೆ ಎಂಬ ಪ್ರಸಿದ್ಧ ಸಾಲು ಬರೋದು ಇಲ್ಲೇ. ಉನೊಕಾ ನಗುತ್ತಾನೆ, ಗೋಡೆ ತೋರಿಸುತ್ತಾನೆ. ಗೋಡೆ ತುಂಬ ಸೀಮೆಸುಣ್ಣದ ಗೀಟು, ಒಂದೊಂದು ಗೀಟೂ 100 ಕವಡೆ ಸಾಲ. ಮೊದಲು ದೊಡ್ಡ ಸಾಲ ತೀರಿಸ್ತೀನಿ ಅನ್ನೋದಕ್ಕೆ ಅವನೂ ಒಂದು ಗಾದೆಯನ್ನೇ ಎತ್ತಿಕೊಳ್ಳುತ್ತಾನೆ, ನಿಂತವರ ಮೇಲೆ ಬಿಸಿಲು ಬಿದ್ದ ಮೇಲೇ ಅವರ ಕೆಳಗೆ ಮಂಡಿಯೂರಿದವರ ಮೇಲೆ ಬೀಳೋದು ಅಂತ. ಬಂದವನು ಕೂರಲು ಹಾಸಿಕೊಂಡಿದ್ದ ಆಡಿನ ಚರ್ಮ ಸುತ್ತಿಕೊಂಡು ಹೋಗುತ್ತಾನೆ. ಗಾದೆಯಲ್ಲಿ ಸಾಲ ಕೇಳಬಹುದು, ಗಾದೆಯಲ್ಲೇ ಕೈ ಎತ್ತಲೂಬಹುದು! ಹಾಗಾಗಿ ‘ಗಾದೆಗಳು ಬುಡಕಟ್ಟಿನ ಜ್ಞಾನಭಂಡಾರ’ ಎಂದು ಬರೆಯುವ ಮೊದಲು ಈ ಗೋಡೆಯನ್ನು ನೆನಪಿಸಿಕೊಳ್ಳಿ.

ಹಾಡು. ಇಂಗ್ಲಿಷ್ ಪ್ರತಿಯೂ ಇರಲಿ ಅಂದೆನಲ್ಲ, ಇದಕ್ಕೇ. ಏಳನೇ ಅಧ್ಯಾಯದಲ್ಲಿ, ಬೇರೆ ಊರಿಂದ ಒತ್ತೆಯಾಗಿ ಬಂದು ಒಕೊಂಕ್ವೊನ ಮನೆಯಲ್ಲಿ ಬೆಳೆಯುತ್ತಿದ್ದ ಇಕೆಮೆಫುನಾ ಎಂಬ ಹುಡುಗನನ್ನು ಕೊಲ್ಲಲು ಕಾಡಿಗೆ ಕರೆದುಕೊಂಡು ಹೋಗುತ್ತಾರೆ. ಅವನಿಗೆ ಗೊತ್ತಿಲ್ಲ, ಅಮ್ಮನ ಮನೆಗೆ ಹೊರಟಿದ್ದೇನೆ ಅಂದುಕೊಂಡಿದ್ದಾನೆ. ಅಮ್ಮ ಬದುಕಿದ್ದಾಳೋ ಇಲ್ಲವೋ ಅಂತ ತಿಳಿಯೋಕೆ ಮನಸ್ಸಲ್ಲೇ ಒಂದು ಹಾಡು ಹೇಳಿಕೊಂಡು ಅದರ ತಾಳಕ್ಕೆ ಹೆಜ್ಜೆ ಹಾಕುತ್ತಾನೆ. ಹಾಡು ಬಲಗಾಲಿಗೆ ಮುಗಿದರೆ ಬದುಕಿದ್ದಾಳೆ, ಎಡಗಾಲಿಗೆ ಮುಗಿದರೆ ಸತ್ತಿದ್ದಾಳೆ. ಛೇ, ಸತ್ತಿಲ್ಲ, ಹುಷಾರಿಲ್ಲ ಅಷ್ಟೇ. ಮೊದಲ ಸಲ ಬಲಗಾಲಿಗೇ ಮುಗಿಯಿತು. ಎರಡನೇ ಸಲ ಎಡಗಾಲಿಗೆ. ಎರಡನೆಯದು ಲೆಕ್ಕಕ್ಕಿಲ್ಲ ಅಂದುಕೊಳ್ಳುತ್ತಾನೆ. ನಾವೂ ಚಿಕ್ಕವರಿದ್ದಾಗ ಹೀಗೇ ಮಾಡ್ತಿದ್ದೆವು ಅಲ್ವಾ?

ಆ ಹಾಡನ್ನು ಅಚಿಬೆ ಇಗ್ಬೋದಲ್ಲೇ ಇಟ್ಟಿದ್ದಾನೆ, ಅರ್ಥ ಕೊಟ್ಟಿಲ್ಲ. 1958ರಲ್ಲಿ ಲಂಡನ್‌ನಲ್ಲಿ ಪುಸ್ತಕ ಕೊಂಡವನಿಗೆ ಅದು ಬರೀ ಸದ್ದು. ಇಗ್ಬೋ ಬಲ್ಲವನಿಗೆ ಅದು ‘ಅರಸೇ, ತಿನ್ನಬೇಡ’ ಎಂದು ಎಚ್ಚರಿಸುವ ಹಾಡು. ಆ ಹುಡುಗ ನಿನ್ನನ್ನು ಅಪ್ಪ ಅನ್ನುತ್ತಾನೆ, ಅವನ ಸಾವಿನಲ್ಲಿ ಕೈ ಹಾಕಬೇಡ ಎಂದು ಊರ ಹಿರಿಯನೊಬ್ಬ ಒಕೊಂಕ್ವೊಗೆ ಎಚ್ಚರಿಕೆ ಕೊಟ್ಟು ಆಗಿದೆ. ಅವನು ಕೇಳಲಿಲ್ಲ. ಒಂದೇ ಪುಟದಲ್ಲಿ ಇಬ್ಬರು ಓದುಗರಿಗೆ ಎರಡು ಬೇರೆ ಕಥೆ ನಡೀತಿದೆ. ಕಾದಂಬರಿ ಮತ್ತು ಪರಂಪರೆಯ ಸಂಬಂಧ ಅಂತ ನೀವು ಹುಡುಕ್ತಿರೋದು ಇದನ್ನೇ.

ಕಥೆ. 11ನೇ ಅಧ್ಯಾಯದಲ್ಲಿ ಒಕೊಂಕ್ವೊನ ಹೆಂಡತಿ ಎಕ್ವೆಫಿ ತನ್ನ ಮಗಳು ಎಜಿನ್ಮಾಗೆ ಆಮೆಯ ಕಥೆ ಹೇಳುತ್ತಾಳೆ. ಹಕ್ಕಿಗಳಿಗೆ ಆಕಾಶದಲ್ಲಿ ಊಟ. ಆಮೆ ಸಿಹಿ ಮಾತಾಡಿ ಒಂದೊಂದು ಹಕ್ಕಿಯಿಂದ ಒಂದೊಂದು ಗರಿ ಪಡೆದು ತಾನೂ ಹೊರಡುತ್ತೆ, ‘ನೀವೆಲ್ಲ’ ಅಂತ ಹೆಸರಿಟ್ಟುಕೊಳ್ಳುತ್ತೆ. ಊಟ ಯಾರಿಗೆ ಅಂದರೆ ಆಕಾಶದವರು ‘ನಿಮಗೆಲ್ಲ’ ಅಂತಾರೆ. ಒಳ್ಳೇದೆಲ್ಲ ಆಮೆಯ ಹೊಟ್ಟೆಗೆ. ಹಕ್ಕಿಗಳು ಗರಿ ಕಿತ್ತುಕೊಂಡವು, ಆಮೆ ಬಿತ್ತು, ಚಿಪ್ಪು ಒಡೆಯಿತು.

ಇಲ್ಲೊಂದು ಎಚ್ಚರಿಕೆ. ಕನ್ನಡದವರಿಗೆ ತಕ್ಷಣ ಪಂಚತಂತ್ರದ ಆಮೆ, ಹಂಸಗಳ ಕಥೆ ನೆನಪಾಗುತ್ತೆ. ಹೋಲಿಸಿ, ತಪ್ಪೇನಿಲ್ಲ, ಆದರೆ ಅಲ್ಲಿಂದ ಇಲ್ಲಿಗೆ ಬಂತು ಅಂತ ತೀರ್ಪು ಕೊಡಬೇಡಿ. ನಮ್ಮ ಆಮೆ ಬಾಯಿ ಬಿಟ್ಟು ಬೀಳುತ್ತೆ. ಅವರ ಆಮೆ ಎಲ್ಲರ ಪಾಲನ್ನೂ ತಿಂದು ಬೀಳುತ್ತೆ, ಅದೂ ಎಲ್ಲರ ಹೆಸರಲ್ಲಿ. ಎರಡೂ ಒಂದೇ ಅಂದುಬಿಟ್ಟರೆ ಆ ವ್ಯತ್ಯಾಸ ಕೈತಪ್ಪುತ್ತೆ.

4. ‘ಮೊದಲ ಆಫ್ರಿಕನ್ ಕಾದಂಬರಿ’ ಎಂದು ಬರೆಯಬೇಡಿ

ಅತೀ ಸಾಮಾನ್ಯ ತಪ್ಪು ಇದು. ಲೆಸೊಥೊದ ಥಾಮಸ್ ಮೊಫೊಲೊ ಸೆಸೊಥೊ ಭಾಷೆಯಲ್ಲಿ ಬರೆದ ‘ಚಾಕಾ’ ಅಚ್ಚಾಗಿದ್ದು 1925ರಲ್ಲಿ. ಇಗ್ಬೋ ಭಾಷೆಯಲ್ಲೇ ಪೀಟಾ ನ್ವಾನಾನ ‘ಒಮೆನುಕೊ’ 1933ರಲ್ಲಿ ಬಂತು. ಪಕ್ಕದ ಯೊರೂಬಾ ಭಾಷೆಯಲ್ಲಿ ಡಿ.ಓ. ಫಾಗುನ್ವಾ 1938ರಲ್ಲಿ ಬೇಟೆಗಾರನೊಬ್ಬ ಭೂತಗಳ ಕಾಡಿಗೆ ಹೋಗುವ ಕಥೆ ಬರೆದ. ಅದೇ ಜಾಡಿನಲ್ಲಿ ಏಮಸ್ ಟುಟುವೋಲಾ ತನ್ನದೇ ಇಂಗ್ಲಿಷ್‌ನಲ್ಲಿ ಬರೆದ ಹೆಂಡಕುಡುಕನ ಕಥೆಯನ್ನು ಲಂಡನ್‌ನವರು 1952ರಲ್ಲಿ ಪ್ರಕಟಿಸಿದರು. ಫ್ರೆಂಚ್‌ನಲ್ಲಿ ಗಿನಿಯ ಕಮಾರಾ ಲೇ 1953ರಲ್ಲಿ, ಕ್ಯಾಮರೂನಿನ ಮಾಂಗೊ ಬೇಟಿ ಮತ್ತು ಫರ್ಡಿನಾಂಡ್ ಓಯೊನೊ 1956ರಲ್ಲಿ. ಈ ಕೊನೆಯ ಇಬ್ಬರು ಮಿಷನರಿಗಳನ್ನೂ ಸಾಹೇಬರನ್ನೂ ಗೇಲಿ ಮಾಡಿದ ರೀತಿ ನೋಡಿದರೆ ಅಚಿಬೆ ತುಂಬ ಸೌಮ್ಯ ಅನ್ನಿಸುತ್ತಾನೆ.

ಎಲ್ಲರನ್ನೂ ಓದಬೇಕಾಗಿಲ್ಲ. ಒಬ್ಬರನ್ನು ಆರಿಸಿ. ನನ್ನ ಸಲಹೆ ಟುಟುವೋಲಾ. ಅವನಲ್ಲಿ ಭೂತ ಪ್ರೇತ ನೇರವಾಗಿ ರಸ್ತೆಯಲ್ಲೇ ಎದುರಾಗುತ್ತವೆ. ಅಚಿಬೆಯ ಎಗ್ವುಗ್ವು ಸಭೆಯಲ್ಲಿ ಎರಡನೇ ಆತ್ಮದ ನಡಿಗೆ ಥೇಟ್ ಒಕೊಂಕ್ವೊನದು ಅಂತ ಅವನ ಹೆಂಡತಿಯರು ಗಮನಿಸಿರಬಹುದು, ಆದರೆ ಬಾಯಿ ಬಿಡಲ್ಲ ಅಂತ ನಿರೂಪಕ ಮೆಲ್ಲಗೆ ಹೇಳುತ್ತಾನೆ. ನಂಬಿಕೆ ಅದೇ, ಹೇಳುವವನು ನಿಂತ ಜಾಗ ಬೇರೆ. ಈ ಎರಡು ಪುಸ್ತಕ ಪಕ್ಕಪಕ್ಕ ಇಟ್ಟರೆ ನಿಮ್ಮ ಅರ್ಧ ಲೇಖನ ಆದ ಹಾಗೇ.

5. ಯಾರಿಗೆ ಉತ್ತರ ಕೊಡ್ತಿದೆ ಅಂತ ನೋಡಿ, ಆದರೆ ಅಲ್ಲೇ ನಿಲ್ಲಬೇಡಿ

ಇಬಾದಾನ್‌ನ ಕಾಲೇಜಿನಲ್ಲಿ ಓದುವಾಗ ಅಚಿಬೆಗೆ ಪಾಠಕ್ಕಿದ್ದ ಕಾದಂಬರಿ ಬಿಳಿಯ ಲೇಖಕ ಜಾಯ್ಸ್ ಕ್ಯಾರಿಯ ‘ಮಿಸ್ಟರ್ ಜಾನ್ಸನ್’, 1939ರದ್ದು. ಅದರಲ್ಲಿನ ನೈಜೀರಿಯಾದವರ ಚಿತ್ರ ನೋಡಿ ಅವನಿಗೂ ಸಹಪಾಠಿಗಳಿಗೂ ರೇಗಿತ್ತು. ಮುಂದೆ 1975ರ ಒಂದು ಉಪನ್ಯಾಸದಲ್ಲಿ, ಬಿಳಿಯನೊಬ್ಬ ಆಫ್ರಿಕಾದ ಒಳಕ್ಕೆ ಪಯಣ ಹೋಗುವ ಕಾನ್ರಾಡ್‌ನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಮೇಲೂ ಹರಿಹಾಯ್ದ. ಈಗ ಅಚಿಬೆಯ ಕಾದಂಬರಿಯ ಕೊನೇ ಪ್ಯಾರಾ ಓದಿ. ಬ್ರಿಟಿಷ್ ಜಿಲ್ಲಾ ಕಮಿಷನರ್ ತಾನು ಬರೆಯಲಿರುವ ಪುಸ್ತಕದ ಬಗ್ಗೆ ಯೋಚಿಸುತ್ತಾನೆ. ನೇಣು ಹಾಕಿಕೊಂಡ ಈ ಮನುಷ್ಯನ, ಅಂದರೆ ಒಕೊಂಕ್ವೊನ, ಬಗ್ಗೆ ಒಂದು ಅಧ್ಯಾಯ ಬರೆಯಬಹುದು, ಅಷ್ಟು ಬೇಡ, ಒಂದು ಪ್ಯಾರಾ ಸಾಕು. 25 ಅಧ್ಯಾಯ ಓದಿ ಬಂದ ನಮಗೆ ಆ ‘ಒಂದು ಪ್ಯಾರಾ’ ಕಪಾಳಕ್ಕೆ ಹೊಡೆದ ಹಾಗಾಗುತ್ತೆ.

ಇಷ್ಟು ಬರೆಯಿರಿ. ಆದರೆ ಇಡೀ ಕಾದಂಬರಿ ಬಿಳಿಯರಿಗೆ ಕೊಟ್ಟ ಉತ್ತರ ಎಂದರೆ, ಪರಂಪರೆಯ ಕೇಂದ್ರ ಮತ್ತೆ ಲಂಡನ್‌ಗೆ ಹೋಯಿತು. ಹೆಸರೇ ಐರಿಷ್ ಕವಿ ಯೇಟ್ಸ್‌ನ ಪದ್ಯದ ಸಾಲಿನಿಂದ ಬಂದದ್ದು ನಿಜ. ಅದರ ಪಕ್ಕದಲ್ಲೇ ಕೋಲಾ ಕಾಯಿಯ ಮಾತುಕತೆ ಇದೆ. ಎರಡೂ ಒಂದೇ ಪುಸ್ತಕದಲ್ಲಿ ಹೇಗಿವೆ ಅನ್ನೋದು ನಿಮ್ಮ ವಿಷಯ.

6. ಭಾಷೆಯ ಜಗಳ ಹಾರಿಸಬೇಡಿ

ಜೂನ್ 1962ರಲ್ಲಿ ಉಗಾಂಡಾದ ಕಂಪಾಲಾದಲ್ಲಿರುವ ಮಕೆರೆರೆ ಕಾಲೇಜಿನಲ್ಲಿ ಆಫ್ರಿಕಾದ ಲೇಖಕರ ಒಂದು ಸಮ್ಮೇಳನ ನಡೆಯಿತು. ಹೆಸರಲ್ಲೇ ಷರತ್ತಿತ್ತು, ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಮಾತ್ರ. ಅಲ್ಲಿ ವಿದ್ಯಾರ್ಥಿಯಾಗಿದ್ದ ಕೀನ್ಯಾದ ಗೂಗಿ ವಾ ಥಿಯಾಂಗೊ ಒಂದಷ್ಟು ಕಥೆ ಪ್ರಕಟಿಸಿದ್ದನೆಂದು ಒಳಗೆ ಹೋದ, ತನ್ನ ಕಾದಂಬರಿಯ ಹಸ್ತಪ್ರತಿಯನ್ನು ಅಚಿಬೆಗೆ ತೋರಿಸಿದ. ಆಗಲೇ ಪುಸ್ತಕದ ಮೇಲೆ ಪುಸ್ತಕ ಬರೆದಿದ್ದ ಫಾಗುನ್ವಾಗೆ ಆ ಷರತ್ತಿನ ಪ್ರಕಾರ ಜಾಗವೇ ಇರಲಿಲ್ಲ. ಈ ಅನ್ಯಾಯವನ್ನು ಮುಂದೆ ಗೂಗಿಯೇ ಎತ್ತಿ ಆಡಿದ. ಮರುವರ್ಷ ಓಬಿ ವಾಲಿ ಎಂಬ ವಿಮರ್ಶಕ ಇಂಗ್ಲಿಷ್, ಫ್ರೆಂಚ್ ಹಿಡಿದ ಆಫ್ರಿಕಾ ಸಾಹಿತ್ಯಕ್ಕೆ ಮುಂದೆ ದಾರಿಯಿಲ್ಲ ಎಂದು ಬರೆದು ಬೆಂಕಿ ಹಚ್ಚಿದ. ಗೂಗಿ ಜೈಲಿನಲ್ಲಿ ಶೌಚದ ಕಾಗದದ ಮೇಲೆ ಗಿಕುಯು ಭಾಷೆಯಲ್ಲೇ ಕಾದಂಬರಿ ಬರೆದ, ಅದು 1980ರಲ್ಲಿ ಪ್ರಕಟವಾಯಿತು.

ಅಚಿಬೆ ಇಂಗ್ಲಿಷ್ ಬಿಡಲಿಲ್ಲ, ಅದನ್ನು ಬಗ್ಗಿಸಿಕೊಳ್ಳಬೇಕು ಅಂದ. ಅವನನ್ನು ಬೈಯುವ ಮೊದಲು ಒಂದು ವಿಷಯ ನೋಡಿ. ಬರಹದ ಇಗ್ಬೋ ಅಂತ ಮಿಷನರಿಗಳು ಕೊಟ್ಟದ್ದು ಹಲವು ಊರಿನ ಮಾತುಗಳನ್ನು ಬೆರೆಸಿ ಮಾಡಿದ ಒಂದು ಭಾಷೆ, 1913ರ ಬೈಬಲ್ ಅನುವಾದದ್ದು. ಅದು ಯಾರ ಬಾಯಲ್ಲೂ ಇಲ್ಲದ ಒಣ ಭಾಷೆ ಅಂತ ಅಚಿಬೆಯ ದೂರು. ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿ ಮಾತನ್ನು ಒಂದು ಕಮಿಟಿ ಕೂತು ಕಲಸಿ, ಇದರಲ್ಲೇ ಕಥೆ ಬರೀರಿ ಅಂದಿದ್ದರೆ ನಮಗೂ ಹೇಗಾಗ್ತಿತ್ತು? ವೈಯಕ್ತಿಕವಾಗಿ ನಾನು ಗೂಗಿ ಕಡೆ. ಆದರೆ ಆ ಏಳನೇ ಅಧ್ಯಾಯದ ಹಾಡು ಪ್ರತೀ ಸಲವೂ ನನ್ನನ್ನು ಅಲುಗಾಡಿಸುತ್ತೆ.

7. ಪುಸ್ತಕ ಮಾರಿದವರನ್ನೂ ಗಮನಿಸಿ

ಪರಂಪರೆ ಮೇಲಿಂದ ಬೀಳಲ್ಲ, ಯಾರೋ ಅಚ್ಚು ಹಾಕಬೇಕು, ಯಾರೋ ಕೊಳ್ಳಬೇಕು. ಲಂಡನ್‌ನ ಹೈನೆಮನ್ 1958ರಲ್ಲಿ ಈ ಕಾದಂಬರಿಯನ್ನು ಮೊದಲು 2,000 ಪ್ರತಿ ಅಚ್ಚು ಹಾಕಿತು. 1962ರಲ್ಲಿ ಅದೇ ಪ್ರಕಾಶನ ‘ಆಫ್ರಿಕನ್ ರೈಟರ್ಸ್ ಸೀರೀಸ್’ ಎಂಬ ಅಗ್ಗದ ಪೇಪರ್‌ಬ್ಯಾಕ್ ಮಾಲೆ ಶುರು ಮಾಡಿತು. ಮೊದಲ ಪುಸ್ತಕ ಇದೇ. ಮೊದಲ ಹತ್ತು ವರ್ಷ ಮಾಲೆಯ ಸಂಪಾದಕ ಅಚಿಬೆಯೇ. ಮಕೆರೆರೆಯಲ್ಲಿ ಗೂಗಿ ತೋರಿಸಿದ ಹಸ್ತಪ್ರತಿ 1964ರಲ್ಲಿ ಈ ಮಾಲೆಯಲ್ಲೇ ಬಂತು. ಅಂದರೆ ಈ ಕಾದಂಬರಿ ‘ಆಫ್ರಿಕನ್ ಸಾಹಿತ್ಯ’ ಎಂಬ ಕಪಾಟಿನಲ್ಲಿ ಹೋಗಿ ಕೂತದ್ದಲ್ಲ, ಆ ಕಪಾಟು ಮಾಡುವಾಗ ಮೊದಲು ಹೊಡೆದ ಹಲಗೆಯೇ ಇದು. ಪ್ರಶ್ನೆಪತ್ರಿಕೆಯಲ್ಲಿ ‘ವಿಶಾಲ ಪರಂಪರೆಯಲ್ಲಿ ಇದರ ಸ್ಥಾನ’ ಎಂದು ಕೇಳಿದರೆ ಈ ತಿರುವನ್ನು ಮರೀಬೇಡಿ.

8. ನಂತರದವರು ಎಲ್ಲಿ ತಕರಾರು ತೆಗೆದರು?

ಪ್ರಭಾವ ಅಂದರೆ ಅನುಕರಣೆ ಅಂದುಕೊಳ್ಳೋದು ಮತ್ತೊಂದು ಗುಂಡಿ. ಜಗಳ ಹುಡುಕಿ. ಒಕೊಂಕ್ವೊನ ಹಿರಿಯ ಹೆಂಡತಿಗೆ ಇಡೀ ಕಾದಂಬರಿಯಲ್ಲಿ ಹೆಸರಿಲ್ಲ, ಅವಳು ‘ನ್ವೋಯೆಯ ತಾಯಿ’ ಅಷ್ಟೇ. 1966ರಲ್ಲಿ ಇಗ್ಬೋದವಳೇ ಆದ ಫ್ಲೋರಾ ನ್ವಾಪಾ ‘ಎಫುರು’ ಬರೆದಳು. ಹೆಸರೇ ನಾಯಕಿಯದು. ಅವಳು ವ್ಯಾಪಾರ ಮಾಡುತ್ತಾಳೆ, ಗಂಡಂದಿರನ್ನು ಬಿಟ್ಟು ಬರುತ್ತಾಳೆ, ಮಕ್ಕಳಿಲ್ಲದ ಸರೋವರದ ದೇವಿಯನ್ನು ಪೂಜಿಸುತ್ತಾಳೆ. ತಾಯ್ತನದ ಸುಖ ಕಾಣದ ದೇವಿಯನ್ನು ಹೆಂಗಸರು ಯಾಕೆ ಪೂಜಿಸುತ್ತಾರೆ ಎಂಬ ಪ್ರಶ್ನೆಯಲ್ಲಿ ಆ ಕಾದಂಬರಿ ಮುಗಿಯುತ್ತೆ. 1979ರಲ್ಲಿ ಬುಚಿ ಎಮೆಚೆಟಾ ಆ ಪ್ರಶ್ನೆಯ ಮಾತನ್ನೇ ಎತ್ತಿಕೊಂಡು ‘ದಿ ಜಾಯ್ಸ್ ಆಫ್ ಮದರ್‌ಹುಡ್’ ಅಂತ ಹೆಸರಿಟ್ಟಳು, ಒಳಗಿರೋದು ತಾಯ್ತನದ ಕಷ್ಟ. 2003ರಲ್ಲಿ ಚಿಮಮಾಂಡಾ ಅಡಿಚಿ ತನ್ನ ಮೊದಲ ಕಾದಂಬರಿ ‘ಪರ್ಪಲ್ ಹಿಬಿಸ್ಕಸ್’ ಅನ್ನು ಅಚಿಬೆಯ ಶೀರ್ಷಿಕೆಯ ಪದಗಳಿಂದಲೇ ಶುರು ಮಾಡಿದಳು. ಅಲ್ಲಿ ಒಡೆಯೋದು ಊರಲ್ಲ, ಕಟ್ಟಾ ಕ್ಯಾಥೊಲಿಕ್ ಅಪ್ಪನ ಕೈಲಿ ಏಟು ತಿನ್ನುವ ಒಂದು ಮನೆ. ಹೀಗೆ ಮೂರು ಕೊಂಡಿ ಸಿಕ್ಕವು, ಮೂರೂ ಇಗ್ಬೋ ನಾಡಿನವು.

ಖಂಡದ ಇನ್ನೊಂದು ತುದಿ ಬೇಕು ಅಂದರೆ ಸುಡಾನಿನ ತಯೇಬ್ ಸಾಲಿಹ್, 1966, ಅರಬ್ಬಿ ಭಾಷೆ. ಅವನ ‘ಸೀಸನ್ ಆಫ್ ಮೈಗ್ರೇಷನ್ ಟು ದ ನಾರ್ತ್’ನಲ್ಲಿ ಕಾನ್ರಾಡ್‌ನ ಪಯಣ ತಿರುಗಿದೆ, ಕರಿಯ ಮನುಷ್ಯ ಲಂಡನ್‌ಗೆ ಹೋಗುತ್ತಾನೆ. ಅಚಿಬೆಗೂ ಅವನಿಗೂ ನಂಟು ಕಟ್ಟೋಕೆ ಹೋಗಬೇಡಿ, ಇಬ್ಬರೂ ಒಂದೇ ಗಾಯವನ್ನು ಬೇರೆ ಬೇರೆ ಭಾಷೆಯಲ್ಲಿ ನೋಡಿದರು ಅಂದರೆ ಸಾಕು.

9. ಈಗ ಬರೆಯಿರಿ

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ಯಾವುದೇ ವಾಕ್ಯದಲ್ಲಿ ‘ಆಫ್ರಿಕಾ’ ಬಂದಿದ್ದರೆ ಅಲ್ಲಿ ‘ಏಷ್ಯಾ’ ಹಾಕಿ ಓದಿ. ‘ಈ ಕಾದಂಬರಿ ಆಫ್ರಿಕಾದ ಸಂಸ್ಕೃತಿಯನ್ನು ಬಿಂಬಿಸುತ್ತದೆ.’ ‘ಈ ಕಾದಂಬರಿ ಏಷ್ಯಾದ ಸಂಸ್ಕೃತಿಯನ್ನು ಬಿಂಬಿಸುತ್ತದೆ.’ ಯಾವುದಾದರೂ ಕನ್ನಡ ಕಾದಂಬರಿ ಬಗ್ಗೆ ಯಾರಾದರೂ ಎರಡನೆಯದನ್ನು ಬರೆದಿದ್ದರೆ ನೀವು ನಗುತ್ತಿದ್ದಿರಿ. ಅಂಥ ವಾಕ್ಯ ಸಿಕ್ಕಲ್ಲೆಲ್ಲ ಹೊಡೆದುಹಾಕಿ, ಆ ಜಾಗಕ್ಕೆ ಭಾಷೆಯ ಹೆಸರು, ಊರಿನ ಹೆಸರು, ಅಧ್ಯಾಯದ ಸಂಖ್ಯೆ ಹಾಕಿ.

ಉದ್ದ ಎಷ್ಟಿರಬೇಕು ಅಂತಲೂ ಕೇಳ್ತೀರಿ. ಎರಡು ದೃಶ್ಯ, ಹಿಂದಿನವರಲ್ಲಿ ಒಬ್ಬರು, ಮುಂದಿನವರಲ್ಲಿ ಒಬ್ಬರು, ಇಷ್ಟಿದ್ದರೆ ಐದಾರು ಪುಟ ತಾನಾಗೇ ಆಗುತ್ತೆ. ಟೈಮ್ ಕಮ್ಮಿ ಇದೆ ಅನ್ನುವವರು ಆ ಸೀಮೆಸುಣ್ಣದ ಗೋಡೆ ಮತ್ತು ‘ಎಫುರು’ವಿನ ಕೊನೇ ಪುಟ, ಇವೆರಡನ್ನು ಇಟ್ಟುಕೊಂಡು ಶುರು ಮಾಡಿ.